ಮುರಿಯದ ಕತ್ತಿಗಳು: ‘ಪಿಲ್ಲರ್ಸ್ ಆಫ್ ಎಟರ್ನಿಟಿ’ ಜೊತೆ ಹತ್ತು ವರ್ಷ

‘ಪಿಲ್ಲರ್ಸ್ ಆಫ್ ಎಟರ್ನಿಟಿ’ ಎಂಬ ಕಂಪ್ಯೂಟರ್ ಆಟಕ್ಕೆ ಹಣ ಕಟ್ಟಿದ್ದು 2012ರಲ್ಲಿ, ಆಟ ಕೈಗೆ ಬಂದದ್ದು 2015ರ ಮಾರ್ಚ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಐದು ಸಲ ಆರಂಭಿಸಿದ್ದೇನೆ, ಎರಡು ಸಲ ಕೊನೆ ಮುಟ್ಟಿಸಿದ್ದೇನೆ. ಐದಕ್ಕೆ ಎರಡೂವರೆ ಅಂಕ ಕೊಡುತ್ತಿದ್ದೇನೆ. ಸಿಟ್ಟಿನಲ್ಲಿ ಕೊಟ್ಟ ಅಂಕವಲ್ಲ ಇದು. ಎರಡೂವರೆ ವರ್ಷ ದಿನ ಎಣಿಸುತ್ತಾ ಕಾದವನು ನಾನು, ಐದಕ್ಕೆ ಐದು ಕೊಡಬೇಕೆಂದೇ ಕಾದಿದ್ದೆ.

ಯಾಕೆ ಕಾದೆ ಎಂಬುದನ್ನು ಮೊದಲು ಹೇಳಬೇಕು. 2001ರ ಬೇಸಿಗೆ. ನಮ್ಮ ಊರಿಗೆ ಆಗಿನ್ನೂ ಗುಲಬರ್ಗಾ ಎಂದೇ ಹೆಸರು. ಅಪ್ಪ ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದರು. ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣ, ಅಂದರೆ ನಮ್ಮ ಕಾಕಾನ ಮಗ, ರಜೆಗೆ ಬರುವಾಗ ತನ್ನ ಕಂಪ್ಯೂಟರನ್ನೂ ‘ಬಾಲ್ಡರ್ಸ್ ಗೇಟ್’ ಆಟದ ಐದು ಸಿ.ಡಿ.ಗಳನ್ನೂ ಹೊತ್ತು ತಂದಿದ್ದ. ಬಯೋವೇರ್ ಸಂಸ್ಥೆ ಆ ಆಟವನ್ನು ರೂಪಿಸಿದ್ದು 1998ರಲ್ಲಿ. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ನಡುಮನೆಯ ಶಹಾಬಾದಿ ಫರಸಿ ಮಾತ್ರ ತಣ್ಣಗಿರುತ್ತಿತ್ತು. ಅದರ ಮೇಲೆಯೇ ಮಾನಿಟರ್ ಇಟ್ಟು, ಹೊಟ್ಟೆ ಅಡಿಯಾಗಿ ಮಲಗಿ, ಇಂಗ್ಲಿಷ್–ಕನ್ನಡ ನಿಘಂಟನ್ನು ಮಗ್ಗುಲಲ್ಲಿ ಇಟ್ಟುಕೊಂಡು ಆಡುತ್ತಿದ್ದೆ. ಕೂಲರ್ ಸದ್ದಿನ ನಡುವೆ ಅಣ್ಣ ಗಂಟೆಗೊಮ್ಮೆ ಕೂಗುತ್ತಿದ್ದ: “ತಮ್ಮಾ, ಸೇವ್ ಮಾಡು. ಕರೆಂಟ್ ಹೋಗುವ ಹೊತ್ತಾಯಿತು.”

ಆ ಆಟ ನನ್ನ ಮೇಲೆ ಕರುಣೆ ತೋರಿಸಲಿಲ್ಲ. ಮೊದಲ ಹಂತದ ಮಂತ್ರಗಾರನಿಗೆ ಇರುವುದೇ ನಾಲ್ಕೈದು ಅಂಕದ ಜೀವ. ಕಾಡಿನಲ್ಲಿ ಒಂದು ತೋಳ ಎರಗಿದರೆ ಮುಗಿಯಿತು. ‘ಫ್ರೆಂಡ್ಲಿ ಆರ್ಮ್’ ಎಂಬ ಛತ್ರದ ಮೆಟ್ಟಿಲ ಬಳಿ ಒಬ್ಬ ಮಂತ್ರವಾದಿ ನಯವಾಗಿ ಮಾತಿಗೆಳೆದು, ತನ್ನ ಸುತ್ತ ಪ್ರತಿಬಿಂಬಗಳನ್ನು ಹರಡಿಕೊಂಡು, ಭಯದ ಮಂತ್ರ ಬಿಡುತ್ತಾನೆ. ನಮ್ಮ ಗುಂಪು ದಿಕ್ಕಾಪಾಲಾಗಿ ಓಡುತ್ತದೆ. ಅಲ್ಲಿ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಛತ್ರದೊಳಗೆ ನನಗಾಗಿ ಖಾಲಿದ್, ಜಹೈರಾ ಎಂಬಿಬ್ಬರು ಕಾಯುತ್ತಿದ್ದರು. ಅವರ ಮುಖ ನೋಡಲು ನನಗೆ ಮೂರು ದಿನ ಹಿಡಿಯಿತು.

ಆದರೆ ಇಪ್ಪತ್ತು ವರ್ಷ ಕಳೆದರೂ ಮನಸ್ಸಿನಿಂದ ಹೋಗದ ಸಂಗತಿ ಬೇರೆ. ಆ ನಾಡಿನಲ್ಲಿ ಕಬ್ಬಿಣಕ್ಕೆ ಏನೋ ರೋಗ ತಗುಲಿದೆ. ಊರಿನ ಜನ ಆಡಿಕೊಳ್ಳುತ್ತಾರೆ, ಅಂಗಡಿಯವರು ಗೊಣಗುತ್ತಾರೆ. ನಾನು ಓದಿ ಮುಂದೆ ಹೋಗಿದ್ದೆ. ನಾಶ್ಕೆಲ್ ಗಣಿಯ ಕತ್ತಲಲ್ಲಿ ಕೋಬೋಲ್ಡ್ ಎಂಬ ಕುಳ್ಳ ಜೀವಿಗಳು ಬೆಂಕಿಯ ಬಾಣ ಬಿಡುತ್ತಿದ್ದಾಗ ನನ್ನ ಯೋಧನ ಕೈಯಲ್ಲಿದ್ದ ಕತ್ತಿ ಮುರಿದು ಹೋಯಿತು. ಪರದೆಯ ಕೆಳಗೆ ಒಂದೇ ಸಾಲಿನ ಸೂಚನೆ, ಅಷ್ಟೇ. ಕತ್ತಿ ಇದ್ದ ಚೌಕ ಖಾಲಿ. ಅವನು ಬರಿಗೈಯಲ್ಲಿ ಗುದ್ದಲು ಶುರುಮಾಡಿದ. ನಾನು ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಎದ್ದು ಕುಳಿತೆ. ಜನ ಹೇಳುತ್ತಿದ್ದ ಕಬ್ಬಿಣದ ಕಥೆ ನನ್ನದೇ ಕತ್ತಿಯ ಕಥೆ ಎಂದು ಆಗ ಹೊಳೆಯಿತು. ಮಂತ್ರಗಾರನ ಕೈಯಲ್ಲಿದ್ದ ಮರದ ಕೋಲನ್ನು ಕಸಿದು ಯೋಧನಿಗೆ ಕೊಟ್ಟೆ. ಮರ ಮುರಿಯಲಿಲ್ಲ.

ತೊಗರಿಗೆ ನೆಟೆ ರೋಗ ಬಿದ್ದ ವರ್ಷ ನಮ್ಮ ಮನೆಯಲ್ಲಿ ಯಾರೂ ಕೂರಿಸಿ ವಿವರಿಸುತ್ತಿರಲಿಲ್ಲ. ಗಂಜಿನಲ್ಲಿ ಚೀಲಗಳ ರಾಶಿ ಕರಗುತ್ತಿತ್ತು, ಹಮಾಲರು ನೆರಳಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು, ಅಪ್ಪ ಸಂಜೆ ಬೇಗ ಮನೆಗೆ ಬರುತ್ತಿದ್ದರು, ಅವ್ವ ಬೇಳೆಯ ಸಾರನ್ನು ತೆಳ್ಳಗೆ ಮಾಡುತ್ತಿದ್ದಳು. ಕೊರತೆ ಎಂದರೆ ಏನೆಂದು ತಟ್ಟೆಯಲ್ಲೇ ತಿಳಿಯುತ್ತಿತ್ತು. ಒಂದು ಕಂಪ್ಯೂಟರ್ ಆಟಕ್ಕೂ ಅದೇ ರೀತಿ ಹೇಳಲು ಬರುತ್ತದೆ ಎಂಬುದು ನನ್ನನ್ನು ಬೆರಗಾಗಿಸಿತು. ಹಳೆಯ ಮಾದರಿಯ ರೋಲ್ ಪ್ಲೇಯಿಂಗ್ ಆಟಗಳಿಗೆ, ಅಂದರೆ ಪಾತ್ರ ಕಟ್ಟಿಕೊಂಡು ಅದರ ಕಥೆಯನ್ನು ನಾವೇ ನಡೆಸುವ ಆಟಗಳಿಗೆ, ನಾನು ಮನಸೋತದ್ದು ಅಲ್ಲಿ.

ಆ ಕಾಲ ಬೇಗ ಮುಗಿಯಿತು. ‘ಫಾಲ್‌ಔಟ್ 2’, ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, ‘ಐಸ್‌ವಿಂಡ್ ಡೇಲ್’ ರೂಪಿಸಿದ ಬ್ಲ್ಯಾಕ್ ಐಲ್ ಸ್ಟುಡಿಯೋ 2003ರಲ್ಲಿ ಮುಚ್ಚಿತು. ಮೇಲಿನಿಂದ ನೋಡುವ, ಚಿತ್ರ ಬರೆದಂಥ ನೆಲದ ಮೇಲೆ ಆರು ಜನರನ್ನು ನಡೆಸುವ ಆಟಗಳಿಗೆ ದೊಡ್ಡ ಪ್ರಕಾಶಕರು ಹಣ ಹಾಕುವುದನ್ನು ಬಹುತೇಕ ನಿಲ್ಲಿಸಿದರು. ಹಾಗಾಗಿ 2012ರಲ್ಲಿ ಅಬ್ಸಿಡಿಯನ್ ಸಂಸ್ಥೆ ಮುಂದೆ ಪಿಲ್ಲರ್ಸ್ ಆದ ಆಟಕ್ಕಾಗಿ ಆಟಗಾರರಿಂದಲೇ ನೇರವಾಗಿ ಹಣ ಕೇಳಿದಾಗ, ಅದೂ ಬಾಲ್ಡರ್ಸ್ ಗೇಟ್, ಐಸ್‌ವಿಂಡ್ ಡೇಲ್, ಪ್ಲೇನ್‌ಸ್ಕೇಪ್ ಮೂರರ ಹೆಸರನ್ನೂ ಹೇಳಿ ಕೇಳಿದಾಗ, ನನ್ನಂಥವರು ಹಿಂದೆ ಮುಂದೆ ನೋಡಲಿಲ್ಲ. ಅವರು ಕೇಳಿದ್ದು 11 ಲಕ್ಷ ಡಾಲರ್, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಬಂದದ್ದು 40 ಲಕ್ಷದ ಸಮೀಪ. ಕೊಟ್ಟವರು ಸುಮಾರು 74 ಸಾವಿರ ಜನ. ಅದರಲ್ಲಿ ನನ್ನವು 25 ಡಾಲರ್. ಭಾವನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿಸಿ, ಅವರಿಗೆ 1,300 ರೂಪಾಯಿ ಕೈಯಲ್ಲಿ ಕೊಟ್ಟೆ.

ಆಟ ಕೈಗೆ ಬಂದ ಮೊದಲ ರಾತ್ರಿ ಕಣ್ಣು ತುಂಬಿತು ಎಂದರೆ ತಪ್ಪಲ್ಲ. ಪಾಳುಬಿದ್ದ ಕಂಬಗಳು, ಹಳೆಯ ಕಲ್ಲಿನ ಮೇಲೆ ಬೀಳುವ ಬೆಳಕು, ತೊರೆಯ ನೀರಿನ ಮಿನುಗು ಎಲ್ಲವೂ ಅಷ್ಟು ಚೆನ್ನಾಗಿದ್ದವು. ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಯಲ್ಲಿ ಕಮಾನಿನ ಹಿಂದೆ ಕಮಾನು ತೆರೆದುಕೊಳ್ಳುವುದನ್ನು ನೋಡುತ್ತಾ ನಿಂತಾಗ ಆಗುವಂಥ ಸಮಾಧಾನ. ಸ್ಪೇಸ್ ಬಾರ್ ಒತ್ತಿದರೆ ಕಾಳಗ ನಿಲ್ಲುತ್ತಿತ್ತು. ಮನೆಗೆ ಮರಳಿದೆ ಅಂದುಕೊಂಡೆ.

ಎರಡನೆಯ ವಾರದ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಮೊದಲ ಗಂಟೆಯಲ್ಲೇ ಬಿಯಾವಾಕ್, ಆಡ್ರಾ, ಅನಿಮ್ಯಾನ್ಸಿ ಎಂದು ಹೊಸದಾಗಿ ಕಟ್ಟಿದ ಪದಗಳ ಮೇಲೆ ಪದಗಳು. ನನ್ನ ಹಳೆಯ ನಿಘಂಟಿನಲ್ಲಿ ಅವು ಸಿಗುವುದಿಲ್ಲ. ಕಥೆಯ ಬೀಜ ಮಾತ್ರ ದೊಡ್ಡದು: ಡೈರ್‌ವುಡ್ ಎಂಬ ನಾಡಿನಲ್ಲಿ ಮಕ್ಕಳು ಆತ್ಮವಿಲ್ಲದೆ ಹುಟ್ಟುತ್ತಿದ್ದಾರೆ. ಅದಕ್ಕಿಂತ ಘೋರವಾದ ಕೊರತೆ ಯಾವುದಿದೆ? ನಾವು ಕಾಲಿಡುವ ಮೊದಲ ಊರಿನ ನಡುವೆ ಹೆಣಗಳು ತೂಗುವ ಮರವಿದೆ. ಅದನ್ನು ನೋಡಿ ನನ್ನ ಎದೆ ನಡುಗಿತು. ಆದರೆ ಆಮೇಲೆ? ಆ ವಿಪತ್ತಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪುಟಗಟ್ಟಲೆ ಮಾತಾಡುತ್ತಾರೆ. ನನ್ನ ಕೈಯಲ್ಲಿ ಏನೂ ಮುರಿಯುವುದಿಲ್ಲ. ನನ್ನ ಬುತ್ತಿ ಕಡಿಮೆಯಾಗುವುದಿಲ್ಲ, ನನ್ನ ಮಂತ್ರ ಹುಸಿ ಹೋಗುವುದಿಲ್ಲ. ಆತ್ಮಗಳ ಬರಗಾಲದ ನಡುವೆ ನಾನು ಯಾವ ಕೊರತೆಯೂ ಇಲ್ಲದೆ ನಡೆದು ಹೋಗುತ್ತೇನೆ.

ಇನ್ನು ಬಂಗಾರದ ಬಣ್ಣದ ಹೆಸರುಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟದಲ್ಲಿ ನಾಯಕನಿಗೆ ಇತರರ ಆತ್ಮ ಓದುವ ಶಕ್ತಿ ಇದೆ. ಊರಿನಲ್ಲಿ ಅಲ್ಲಲ್ಲಿ ನಿಂತವರ ತಲೆಯ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಕಾಣುತ್ತದೆ. ಅವರನ್ನು ಮುಟ್ಟಿದರೆ ಹಿಂದಿನ ಬದುಕಿನ ಒಂದು ನೆನಪು ತೆರೆದುಕೊಳ್ಳುತ್ತದೆ. ಡಿಫೈಯನ್ಸ್ ಬೇ ನಗರದ ಮಾರುಕಟ್ಟೆಯಲ್ಲಿ ನಾನು ಅಂಥ ಇಪ್ಪತ್ತು ಜನರ ನೆನಪುಗಳನ್ನು ಶ್ರದ್ಧೆಯಿಂದ ಓದಿದೆ. ಒಂದು ವಹಿಯಲ್ಲಿ ಹೆಸರು, ಊರು, ಸತ್ತ ಬಗೆ ಎಲ್ಲವನ್ನೂ ಬರೆದಿಟ್ಟುಕೊಂಡೆ. ಎಲ್ಲೋ ಒಂದು ಕಡೆ ಈ ಎಳೆಗಳು ಕೂಡುತ್ತವೆ ಎಂದು ನಂಬಿದ್ದೆ. ಅವು ಎಲ್ಲಿಯೂ ಕೂಡಲಿಲ್ಲ. ಹೆಚ್ಚು ಹಣ ಕೊಟ್ಟ ಅಭಿಮಾನಿಗಳ ಪಾಲಿಗೆ ಮೀಸಲಾದ ಪಾತ್ರಗಳು ಅವು ಎಂದು ಆಮೇಲೆ ತಿಳಿಯಿತು. ಗುಡಿಯ ಅಂಗಳದ ಫರಸಿಯ ಮೇಲೆ ದಾನಿಗಳ ಹೆಸರು ಕೆತ್ತುವುದು ನಮ್ಮಲ್ಲಿಯೂ ಉಂಟು, ಅದರಲ್ಲಿ ತಪ್ಪಿಲ್ಲ. ಗರ್ಭಗುಡಿಯ ಒಳಗೆ ಕೆತ್ತುವುದಿಲ್ಲ. ಆತ್ಮ ಓದುವುದು ಈ ಕಥೆಯ ಗರ್ಭಗುಡಿ. ಅಲ್ಲಿಯೇ ದಾನಿಗಳ ಪಟ್ಟಿ ಹಚ್ಚಿದ ಮೇಲೆ, ನಿಜವಾದ ಪಾತ್ರಗಳ ಆತ್ಮವನ್ನೂ ನಾನು ಅರೆಮನಸ್ಸಿನಿಂದ ಓದುವಂತಾಯಿತು. ಆ ವಹಿ ಈಗಲೂ ಇದೆ; ಇಪ್ಪತ್ತರ ನಂತರ ಪುಟಗಳು ಖಾಲಿ.

ಕೇಡ್ ನುವಾ ಎಂಬ ಕೋಟೆಯ ಕೆಳಗಿನ ಹದಿನೈದು ಮಹಡಿಯ ನೆಲಮಾಳಿಗೆಯದೂ ಇದೇ ಕಥೆ. ಹಣ ಸಂಗ್ರಹದ ದಿನಗಳಲ್ಲಿ ಜನ ಸೇರಿದಂತೆ ಮಹಡಿಗಳು ಹೆಚ್ಚುತ್ತಾ ಹೋದವು. ನಾನೂ ಆಗ ಖುಷಿಯಿಂದ ಎಣಿಸಿದವನೇ. ಎಷ್ಟು ಆಳ ಇರಬೇಕು ಎಂಬುದನ್ನು ಕಥೆ ತೀರ್ಮಾನಿಸಬೇಕಿತ್ತು, ತಲೆ ಎಣಿಕೆ ತೀರ್ಮಾನಿಸಿತು. ಆರೇಳನೆಯ ಮಹಡಿಯ ನಂತರ ಹೊಡೆದಾಟಗಳ ಮುಖವೇ ನೆನಪಿಲ್ಲ.

ನಿಯಮಗಳ ಬಗ್ಗೆಯೂ ಒಂದು ಮಾತು. ನಿರ್ದೇಶಕ ಜೋಶ್ ಸಾಯರ್ ಅವರ ಉದ್ದೇಶ ಒಳ್ಳೆಯದು: ಆಟಗಾರ ಯಾವ ರೀತಿ ಪಾತ್ರ ಕಟ್ಟಿದರೂ ಅದು ಕೆಲಸಕ್ಕೆ ಬರಬೇಕು. ಅದಕ್ಕೆಂದೇ ‘ಮೈಟ್’ ಎಂಬ ಒಂದೇ ಗುಣ ಕತ್ತಿಯ ಏಟಿಗೂ ಮಂತ್ರದ ಏಟಿಗೂ ಬಲ ಕೊಡುತ್ತದೆ. ಹಳೆಯ ಆಟದಲ್ಲಿ ಗೊತ್ತಿಲ್ಲದೆ ಹಾಳು ಪಾತ್ರ ಕಟ್ಟಿ ಅತ್ತವರು ಬಹಳ ಜನ, ನಾನೂ ಒಬ್ಬ. ಆದರೆ ಕೃಶ ಮಂತ್ರಗಾರ ತೋಳಕ್ಕೆ ಹೆದರಬೇಕಾದ ಆ ಸ್ಥಿತಿಯೇ ಅವನನ್ನು ನನ್ನವನನ್ನಾಗಿ ಮಾಡಿತ್ತು. ಅವನನ್ನು ಹಿಂದೆ ನಿಲ್ಲಿಸಿ, ಮರೆಮಾಡಿ, ಕಾಪಾಡಿ ದೊಡ್ಡವನನ್ನಾಗಿ ಮಾಡಿದ್ದು ನಾನು. ಇಲ್ಲಿ ಎಲ್ಲರೂ ಮೊದಲ ದಿನದಿಂದಲೇ ತಕ್ಕಮಟ್ಟಿಗೆ ಸಮರ್ಥರು. ಕಾಪಾಡಲು ನನಗೆ ಯಾರೂ ಇರಲಿಲ್ಲ.

ಅಂಕ ಎರಡೂವರೆಗಿಂತ ಕೆಳಗಿಳಿಯದಿರಲು ಕಾರಣಗಳಿವೆ. ಎಡೇರ್ ಎಂಬ ಒಡನಾಡಿ ಯುದ್ಧದಲ್ಲಿ ಸತ್ತ ತನ್ನ ಅಣ್ಣ ಯಾವ ಪಕ್ಷದಲ್ಲಿ ನಿಂತಿದ್ದ ಎಂದು ತಿಳಿಯಲು ಹೊರಟವನು. ಅವನು ಮಾತಾಡುವಾಗ ನಾನು ಬೇರೇನೂ ಮಾಡುತ್ತಿರಲಿಲ್ಲ. ದೇವರನ್ನೇ ಕೊಂದ ಬಾಂಬಿನ ತಯಾರಿಕೆಯಲ್ಲಿ ಕೈ ಹಾಕಿದ ಡ್ಯುರೆನ್ಸ್ ಎಂಬ ಪೂಜಾರಿಯ ಬೈಗುಳದಲ್ಲಿಯೂ ಅವನ ಗಾಯ ಕಾಣುತ್ತದೆ. ಪುಸ್ತಕದ ಹಾಳೆಯಂತೆ ತೆರೆದುಕೊಳ್ಳುವ ರೇಖಾಚಿತ್ರದ ಸನ್ನಿವೇಶಗಳು ಬಹಳ ಚೆನ್ನಾಗಿವೆ. ಬಂಡೆ ಹತ್ತಬೇಕು, ಚೀಲದಲ್ಲಿ ಹಗ್ಗ ಇದೆಯೇ? ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಯಾರಿಗೋ ಪೆಟ್ಟು. ಇಡೀ ಆಟವನ್ನು ಆ ಹಗ್ಗದ ಮೇಲೆ ಕಟ್ಟಬಹುದಿತ್ತಲ್ಲ ಎಂದು ಪ್ರತಿ ಸಲವೂ ಅನ್ನಿಸಿದೆ.

ಅದೇ ಅಲೆಯಲ್ಲಿ ಬಂದ ಬೇರೆ ಆಟಗಳನ್ನೂ ಬಿಡಲಿಲ್ಲ. 41 ಲಕ್ಷ ಡಾಲರ್ ದಾಟಿ ಹಣ ಕೂಡಿಸಿ 2017ರಲ್ಲಿ ಬಂದ ‘ಟಾರ್ಮೆಂಟ್: ಟೈಡ್ಸ್ ಆಫ್ ನ್ಯೂಮೆನೆರಾ’ ಓದಿ ಓದಿ ಸುಸ್ತಾಗಿ ಅರ್ಧಕ್ಕೆ ನಿಂತಿದೆ. ಪಿಲ್ಲರ್ಸ್‌ನ ಎರಡನೆಯ ಭಾಗ ‘ಡೆಡ್‌ಫೈರ್’ 2018ರಲ್ಲಿ ಬಂದಾಗ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ನಾನೂ ತಡವಾಗಿಯೇ ಕೊಂಡೆ. ಹಡಗಿನ ಪ್ರಯಾಣ ಹಿತವಾಗಿತ್ತು, ಹೆಚ್ಚೇನೂ ನೆನಪಿಲ್ಲ.

ನನ್ನ ಹಳೆಯ ಹಸಿವನ್ನು ತಣಿಸಿದ್ದು ಹಳೆಯ ವೇಷ ತೊಡದ ಆಟಗಳು. ಎಣ್ಣೆ ಚೆಲ್ಲಿದರೆ ಬೆಂಕಿ ಹತ್ತುವ, ಮಳೆ ತರಿಸಿದರೆ ಅದು ಆರುವ ‘ಡಿವಿನಿಟಿ: ಒರಿಜಿನಲ್ ಸಿನ್’ (2014). ಯುದ್ಧ ಎಂಬುದೇ ಬೇರೆಯಾಗಿ ಇಲ್ಲದೆ, ಸೋತರೂ ಕಥೆ ಇನ್ನೊಂದು ಕಡೆಗೆ ಹೊರಳುವ ‘ಡಿಸ್ಕೋ ಎಲಿಸಿಯಮ್’ (2019). 2023ರ ‘ಬಾಲ್ಡರ್ಸ್ ಗೇಟ್ 3’ ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಕಾದುವ ಆಟ, ನೋಟವೂ ಬೇರೆ. ಹಳಬರು ಅನೇಕರು ಅದನ್ನು ನಮ್ಮದಲ್ಲ ಎಂದರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ದಾಳ ಕೆಟ್ಟದಾಗಿ ಬಿದ್ದು ಮಾತು ಕೈತಪ್ಪಿದಾಗ ನನಗೆ ನಾಶ್ಕೆಲ್ ಗಣಿಯ ಕತ್ತಲು ನೆನಪಾಯಿತು. ಪಿಲ್ಲರ್ಸ್‌ನಲ್ಲಿ ಹತ್ತು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗ ಹೈದರಾಬಾದಿನಿಂದ ಬಂದಿದ್ದ, ಒಂಬತ್ತನೆಯ ತರಗತಿ. ಅವನಿಗೆ ಮೊದಲು ಪಿಲ್ಲರ್ಸ್ ಹಾಕಿಕೊಟ್ಟೆ. ಚಿತ್ರಗಳನ್ನು ಮೆಚ್ಚಿದ, ಎರಡು ದಿನಕ್ಕೆ ಬಿಟ್ಟ. ಆಮೇಲೆ 1998ರ ಆಟದ 2012ರ ಪರಿಷ್ಕೃತ ಆವೃತ್ತಿ ಹಾಕಿದೆ. ನಾಲ್ಕನೆಯ ದಿನ ಮಧ್ಯಾಹ್ನ ಅದೇ ಫರಸಿಯ ಮೇಲಿಂದ ಕೂಗಿದ: “ಕಾಕಾ, ಆಟ ಕೆಟ್ಟಿದೆ. ಕತ್ತಿ ಮಾಯವಾಯಿತು.” ಕೆಟ್ಟಿಲ್ಲ, ಊರಿಗೆ ಹಿಂದಿರುಗಿ ಜನ ಏನು ಹೇಳುತ್ತಿದ್ದಾರೆ ಕೇಳು ಎಂದೆ. ಹುಡುಗ ಹೋಗಿ ಒಬ್ಬೊಬ್ಬರನ್ನೇ ಮಾತಾಡಿಸಿದ, ಮೊದಲ ಸಲ ದಾಟಿಸಿಬಿಟ್ಟಿದ್ದ ಸಾಲುಗಳನ್ನೆಲ್ಲ ಬಾಯಿಬಿಟ್ಟು ಓದಿದ. ಸಂಜೆ ಊಟಕ್ಕೆ ಕರೆದರೂ ಏಳಲಿಲ್ಲ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಪೂರ್ತಿ ಬೆಲೆ ಕೊಡಬೇಡಿ, ರಿಯಾಯಿತಿಯಲ್ಲಿ ಸಿಕ್ಕರೆ ‘ವೈಟ್ ಮಾರ್ಚ್’ ವಿಸ್ತರಣೆಯ ಎರಡೂ ಭಾಗಗಳ ಸಮೇತ ಕೊಳ್ಳಿ. ಮೂಲ ಕಥೆಗಿಂತ ಅದರ ಕಟ್ಟು ಬಿಗಿಯಾಗಿದೆ. ಎಡೇರ್ ಮತ್ತು ಡ್ಯುರೆನ್ಸ್ ಇಬ್ಬರನ್ನೂ ಮೊದಲಿನಿಂದಲೇ ಜೊತೆಯಲ್ಲಿ ಇಟ್ಟುಕೊಳ್ಳಿ. ಬಂಗಾರದ ಬಣ್ಣದ ಹೆಸರಿನವರನ್ನು ಮುಟ್ಟಬೇಡಿ.