ರೆಡ್‌ವುಡ್ ಕಾಡಿನಲ್ಲಿ ಟೆಂಟ್: ಹಂಬೋಲ್ಟ್, ಪ್ರೇರಿ ಕ್ರೀಕ್, ಜೆಡ್ ಸ್ಮಿತ್, ಯಾವುದಕ್ಕೆ ಹೋಗಬೇಕು?

ಕ್ಯಾಲಿಫೋರ್ನಿಯಾದ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ, ನಮ್ಮ ಕನ್ನಡದವರಿಗೆ ರೆಡ್‌ವುಡ್ ಅನ್ನುವ ಮುಗಿಲೆತ್ತರದ ಮರಗಳ ಕಾಡು ಅಂದರೆ ಹತ್ತಿರದ ಮ್ಯೂರ್ ವುಡ್ಸ್. ಊರಿಂದ ಅಪ್ಪ ಅಮ್ಮ ಬಂದಾಗ ಅಲ್ಲಿ ಒಂದು ಸುತ್ತು, ನಾಲ್ಕು ಫೋಟೋ, ವಾಪಸ್. ಆದರೆ ಅಲ್ಲಿ ರಾತ್ರಿ ಉಳಿಯೋಕೆ ಬಿಡುವುದಿಲ್ಲ. ಆ ಮರಗಳ ಕೆಳಗೇ ಮಲಗಬೇಕು ಅಂದರೆ 101 ಹೈವೇ ಹಿಡಿದು ಗಂಟೆಗಟ್ಟಲೆ ಉತ್ತರಕ್ಕೆ ಹೋಗಬೇಕು. ನಾನು ಟೆಂಟ್ ಹಾಕಿ ನೋಡಿದ್ದು ಹಂಬೋಲ್ಟ್ ರೆಡ್‌ವುಡ್ಸ್, ಪ್ರೇರಿ ಕ್ರೀಕ್, ಜೆಡೆಡಯಾ ಸ್ಮಿತ್ (ಚಿಕ್ಕದಾಗಿ ಜೆಡ್ ಸ್ಮಿತ್), ಈ ಮೂರು ಸ್ಟೇಟ್ ಪಾರ್ಕ್‌ಗಳಲ್ಲಿ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ನಡೆಯೋಕೆ ಪ್ರೇರಿ ಕ್ರೀಕ್, ಮಲಗೋಕೆ ಜೆಡ್ ಸ್ಮಿತ್.

ಹಂಬೋಲ್ಟ್ ಮೂರರಲ್ಲಿ ನಮಗೆ ಹತ್ತಿರದ್ದು. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ. ಅವೆನ್ಯೂ ಆಫ್ ದಿ ಜೈಂಟ್ಸ್ ಅನ್ನುವ 31 ಮೈಲಿಯ ರಸ್ತೆ ಮರಗಳ ನಡುವೆಯೇ ಹೋಗುತ್ತದೆ, ಬೇಕಾದಲ್ಲಿ ಕಾರು ನಿಲ್ಲಿಸಿ ಇಳಿಯಬಹುದು. ಫೌಂಡರ್ಸ್ ಗ್ರೋವ್‌ನಲ್ಲಿ 1991ರಲ್ಲಿ ಉರುಳಿದ ಡೈಯರ್‌ವಿಲ್ ಜೈಂಟ್ ಹಾಗೇ ಮಲಗಿದೆ. 360 ಅಡಿಗೂ ಜಾಸ್ತಿ ಎತ್ತರವಿದ್ದ ಮರ. ಅದರ ಬೇರಿನ ಪಕ್ಕ ನಿಂತರೆ ತಿಳಿಯುತ್ತದೆ, ಈ ಮರಗಳಿಗೆ ತಾಯಿಬೇರೇ ಇಲ್ಲ. ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡಿ, ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಂಡು ನಿಲ್ಲುತ್ತವೆ. ರಾಕ್‌ಫೆಲ್ಲರ್ ಫಾರೆಸ್ಟ್ ಕೂಡ ಇಲ್ಲೇ. ಕೊಡಲಿ ಬೀಳದ ಇಷ್ಟು ದೊಡ್ಡ ಹಳೆಯ ರೆಡ್‌ವುಡ್ ಕಾಡು ಒಂದೇ ಕಡೆ ಉಳಿದಿರುವುದು ಜಗತ್ತಿನಲ್ಲಿ ಇಲ್ಲಿ ಮಾತ್ರ.

ಆದರೆ ಬರ್ಲಿಂಗ್ಟನ್ ಕ್ಯಾಂಪ್‌ಗ್ರೌಂಡ್ ಇರುವುದು ಆ ಹಳೆಯ ಕಾಡಿನೊಳಗಲ್ಲ. ಹಿಂದೆ ಕಡಿದ ದೈತ್ಯ ಮರಗಳ ಬೊಡ್ಡೆಗಳು, ಸುತ್ತ ಆಮೇಲೆ ಬೆಳೆದ ಮರಗಳು, ಪಕ್ಕದಲ್ಲೇ ರಸ್ತೆ. ಸೈಟ್‌ಗಳೂ, ಅಂದರೆ ಒಬ್ಬೊಬ್ಬರು ಟೆಂಟ್ ಹಾಕುವ ಜಾಗಗಳೂ, ಒತ್ತೊತ್ತಾಗಿವೆ, ಪಕ್ಕದವರು ರಾತ್ರಿ ಆಡುವ ಮಾತೆಲ್ಲ ಕೇಳುತ್ತದೆ. ಸಮುದ್ರದಿಂದ ಒಳಗಿರುವುದರಿಂದ ಬೇಸಿಗೆಯ ಮಧ್ಯಾಹ್ನ ಸೆಕೆಯೂ ಉಂಟು.

ಪ್ರೇರಿ ಕ್ರೀಕ್‌ಗೆ ಬಂದರೆ ಹವೆಯೇ ಬೇರೆ. ಜುಲೈನಲ್ಲೂ ಬೆಳಗ್ಗೆ ಸ್ವೆಟರ್ ಬೇಕು. ಸಮುದ್ರದಿಂದ ಬರುವ ಮಂಜು ಎಲೆಗಳ ಮೇಲೆ ಕೂತು ತೊಟ್ಟಿಕ್ಕುತ್ತದೆ, ಮಳೆಯಿಲ್ಲದ ಬೇಸಿಗೆಯಲ್ಲಿ ಈ ಮರಗಳಿಗೆ ನೀರು ಸಿಗುವುದು ಹೀಗೂ. ನಿಮ್ಮ ಟೆಂಟಿಗೂ ಸಿಗುತ್ತದೆ, ಅದಕ್ಕೇ ರೇನ್‌ಫ್ಲೈ (ಟೆಂಟಿನ ಮೇಲೆ ಹಾಕುವ ಮಳೆ ಹೊದಿಕೆ) ಬಿಟ್ಟು ಹೋಗಬೇಡಿ. ಎಲ್ಕ್ ಪ್ರೇರಿ ಕ್ಯಾಂಪ್‌ಗ್ರೌಂಡ್ ಎದುರಿನ ಹುಲ್ಲುಗಾವಲಿಗೆ ರೂಸ್‌ವೆಲ್ಟ್ ಎಲ್ಕ್‌ಗಳು ಮೇಯೋಕೆ ಬರುತ್ತವೆ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಸೆಲ್ಫಿಗೆ ಹತ್ತಿರ ಹೋಗುವ ಧೈರ್ಯ ಬೇಡ.

ಇಲ್ಲಿಯ ಜೇಮ್ಸ್ ಅರ್ವಿನ್ ಟ್ರೇಲ್ ಅನ್ನುವ ಕಾಲುದಾರಿಗೆ ಸಮ ಬೇರೊಂದಿಲ್ಲ ಅನ್ನುವುದು ನನ್ನ ಮಾತು. ಕ್ಯಾಂಪಿನ ಹತ್ತಿರ ಶುರುವಾಗಿ ಹಳೆಯ ಕಾಡನ್ನು ದಾಟಿ, ಜರೀಗಿಡಗಳು ಗೋಡೆಯ ಹಾಗೆ ಮುಚ್ಚಿರುವ ಫರ್ನ್ ಕ್ಯಾನಿಯನ್ ಮೂಲಕ ಸಮುದ್ರ ತೋರಿಸಿ, ಮೈನರ್ಸ್ ರಿಜ್ ಟ್ರೇಲ್ ಹಿಡಿದು ವಾಪಸ್ ಬಂದರೆ ಸುಮಾರು 12 ಮೈಲಿ. ಇಡೀ ದಿನದ ಕೆಲಸ, ಕಾಲು ನೋಯುತ್ತದೆ, ನೋಯಲಿ ಬಿಡಿ. ಇನ್ನೊಂದು ಲಾಭ: ಬೇಸಿಗೆಯಲ್ಲಿ ಫರ್ನ್ ಕ್ಯಾನಿಯನ್‌ಗೆ ಕಾರಿನಲ್ಲಿ ಹೋಗಲು ಮೊದಲೇ ಪರ್ಮಿಟ್ ತೆಗೆದುಕೊಳ್ಳಬೇಕು, ನಡೆದು ಬರುವವರಿಗೆ ಆ ತಲೆನೋವಿಲ್ಲ.

ಜೆಡ್ ಸ್ಮಿತ್ ಇನ್ನೂ ಮೇಲೆ, ಕ್ರೆಸೆಂಟ್ ಸಿಟಿ ಪಕ್ಕ, ಆರೆಗನ್ ಗಡಿಯ ಹತ್ತಿರ. ದೂರ ಜಾಸ್ತಿ, ಒಪ್ಪಿದೆ. ಆದರೆ ಟೆಂಟ್ ಹಾಕುವ ಜಾಗವೇ ಹಳೆಯ ಮರಗಳ ಬುಡ. ರಾತ್ರಿ ಮೂತ್ರಕ್ಕೆ ಎದ್ದು ಟಾರ್ಚ್ ಮೇಲಕ್ಕೆ ಬಿಟ್ಟರೆ ಬೆಳಕು ತುದಿ ಮುಟ್ಟುವುದಿಲ್ಲ. ಪಕ್ಕದಲ್ಲೇ ಅಣೆಕಟ್ಟಿಲ್ಲದೆ ಹರಿಯುವ ಸ್ಮಿತ್ ನದಿ, ನೀರು ಪಚ್ಚೆ ಬಣ್ಣ, ತಣ್ಣಗೆ ಕೊರೆಯುತ್ತದೆ. ಬೇಸಿಗೆಯಲ್ಲಿ ನದಿಗೆ ಕಾಲುಸೇತುವೆ ಹಾಕುತ್ತಾರೆ, ದಾಟಿದರೆ ಸ್ಟೌಟ್ ಗ್ರೋವ್ ಅನ್ನುವ ಹಳೆಯ ರೆಡ್‌ವುಡ್ ತೋಪು. ಸಂಜೆ ಓರೆ ಬಿಸಿಲು ಬೀಳುವ ಹೊತ್ತಿಗೆ ಹೋಗಿ. ಕಾರಿನಲ್ಲಿ ಅಲ್ಲಿಗೆ ಹೋಗುವ ಹೌಲೆಂಡ್ ಹಿಲ್ ರೋಡ್ ಕಚ್ಚಾ ರಸ್ತೆ, ಇಕ್ಕಟ್ಟು, ದೊಡ್ಡ ಆರ್‌ವಿ (ಒಳಗೇ ಮಲಗುವ ವ್ಯವಸ್ಥೆಯಿರುವ ಗಾಡಿ) ತೆಗೆದುಕೊಂಡು ಹೋಗುವಂಥದ್ದಲ್ಲ. ಕೊರತೆ ಅಂದರೆ 199 ಹೈವೇಯ ಲಾರಿ ಸದ್ದು ಕೆಲವು ಸೈಟ್‌ಗಳಿಗೆ ಕೇಳುತ್ತದೆ. ನಡೆಯೋಕೂ ಪ್ರೇರಿ ಕ್ರೀಕ್‌ನಷ್ಟು ದಾರಿಗಳಿಲ್ಲ.

ಊಟದ ವಿಷಯದಲ್ಲಿ ಮೂರೂ ಕಡೆ ಒಂದೇ ಕಟ್ಟುನಿಟ್ಟು. ಕರಡಿಗಳಿರುವುದರಿಂದ ತಿಂಡಿ, ಟೂತ್‌ಪೇಸ್ಟ್ ಎಲ್ಲ ಕಬ್ಬಿಣದ ಪೆಟ್ಟಿಗೆಗೆ. ಚುರುಮುರಿ ತಿನ್ನುವಾಗ ಒಂದು ಕಾಳೂ ಬೀಳಬಾರದು, ತಮಾಷೆಯಲ್ಲ. ಆ ಕಾಳಿಗೆ ಜೇ ಹಕ್ಕಿಗಳು ಸೇರುತ್ತವೆ. ಮರ್ಬಲ್ಡ್ ಮರೆಲೆಟ್ ಅನ್ನುವ ಅಪರೂಪದ ಕಡಲಹಕ್ಕಿ ಇದೇ ಹಳೆಯ ಮರಗಳ ಕೊಂಬೆಯಲ್ಲಿ ಮೊಟ್ಟೆ ಇಡುತ್ತದೆ, ಜೇಗಳು ಹೆಚ್ಚಾದರೆ ಆ ಮೊಟ್ಟೆಗಳ ಕಥೆ ಮುಗಿಯಿತು.

ಬೇಸಿಗೆಯ ವಾರಾಂತ್ಯಕ್ಕೆ ಬುಕಿಂಗ್ 6 ತಿಂಗಳ ಮೊದಲು ತೆರೆದ ದಿನವೇ ಕೂರಬೇಕು. ಜೆಡ್ ಸ್ಮಿತ್ ಸಿಗದಿದ್ದರೆ ಎಲ್ಕ್ ಪ್ರೇರಿಯಲ್ಲಿ ಉಳಿದು ಒಂದು ದಿನ ಸ್ಟೌಟ್ ಗ್ರೋವ್ ನೋಡಿ ಬನ್ನಿ, ಕಾರಿನಲ್ಲಿ ಅಂಥ ದೂರವೇನಲ್ಲ.