ಬಿಸಿಲಿಗೆ ಸೋಲಾರ್, ಮಳೆಗೆ ಹಳ್ಳದ ಟರ್ಬೈನ್: ಮೂಡಿಗೆರೆ ತೋಟದಲ್ಲಿ 6 ವರ್ಷ

ಮೂಡಿಗೆರೆ ಕಡೆಯ ನಮ್ಮ ತೋಟಕ್ಕೆ ಕರೆಂಟ್ ಕಂಬ ಇವತ್ತಿಗೂ ಬಂದಿಲ್ಲ. ಮೊದಲು ರಾತ್ರಿ ಊಟದವರೆಗೆ ಜನರೇಟರ್ ಓಡುತ್ತಿತ್ತು. ದಿನಕ್ಕೆ 2 ಲೀಟರ್ ಡೀಸೆಲ್, ಕ್ಯಾನ್ ಹೊತ್ತು ತರುವ ರಗಳೆ ಬೇರೆ. 6 ವರ್ಷದ ಹಿಂದೆ 1 ಕಿಲೋವ್ಯಾಟ್ ಸೋಲಾರ್, 4 ಬ್ಯಾಟರಿ ಹಾಕಿಸಿದೆವು.

ಫೆಬ್ರವರಿ, ಮಾರ್ಚ್‌ನಲ್ಲಿ ದಿನಕ್ಕೆ 4 ಯೂನಿಟ್ ಬರುತ್ತದೆ. ಲೈಟು, ಟಿವಿ, ಸಣ್ಣ ಫ್ರಿಜ್‌ಗೆ ಸಾಕು. ಆದರೆ ಸಿಲ್ವರ್ ಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಕರೆಂಟ್ ಇಳಿಯುತ್ತದೆ. ಕೊಂಬೆ ಸವರುತ್ತಲೇ ಇರಬೇಕು. ಜುಲೈನಲ್ಲಂತೂ 1 ಯೂನಿಟ್ ಬಂದರೆ ಜಾಸ್ತಿ. ಹಾಕಿಸಿದವರು ಇದನ್ನು ಬಾಯಿಬಿಟ್ಟು ಹೇಳಲೇ ಇಲ್ಲ.

ಎರಡು ಮಳೆಗಾಲ ಮತ್ತೆ ಜನರೇಟರ್ ಓಡಿಸಿ, ಮೂರನೇ ವರ್ಷ ಹಳ್ಳಕ್ಕೆ ಪಿಕೊ ಹೈಡ್ರೋ ಟರ್ಬೈನ್, ಅಂದರೆ ಹರಿಯುವ ನೀರಿನಿಂದ ಮನೆಮಟ್ಟಿಗೆ ಕರೆಂಟ್ ಮಾಡುವ ಪುಟ್ಟ ಯಂತ್ರ, ಕೂರಿಸಿದೆವು. ಮಲೆನಾಡಿನ ಒಂಟಿ ಮನೆಗಳಿಗೆ ಇದು ಹೊಸದೇನಲ್ಲ. 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ ಲೆಕ್ಕದಲ್ಲಿ ಹತ್ತಿರ ಹತ್ತಿರ 2 ಕಿಲೋವ್ಯಾಟ್, ಕೈಗೆ ಸಿಗುವುದು ಅರ್ಧ. ಆದರೆ ಹಗಲೂ ರಾತ್ರಿ ಸಿಗುತ್ತದೆ, ಅಲ್ವಾ? ನಾವು ಬಳಸದ ಕರೆಂಟನ್ನು ಕಂಟ್ರೋಲರ್ ಹೀಟರ್ ಕಾಯಿಲ್‌ಗೆ ಕಳಿಸುತ್ತದೆ, ಇಲ್ಲದಿದ್ದರೆ ಟರ್ಬೈನ್ ಹುಚ್ಚು ವೇಗ ಹಿಡಿಯುತ್ತದೆ. ಆ ಕಾಯಿಲನ್ನು ಬಚ್ಚಲಿನ ಡ್ರಮ್ಮಿಗೆ ಇಳಿಬಿಟ್ಟಿದ್ದೇವೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಹಂಡೆ ಕಾಯಿಸುವ ಕಷ್ಟ ಹೋಯಿತು. ಹಳ್ಳಕ್ಕೆ ಅಣೆಕಟ್ಟೆ ಬೇಕಿಲ್ಲ, ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ. ಪೈಪಿನ ಬಾಯಿಯ ಜಾಲರಿಗೆ ಎಲೆ ಕಟ್ಟಿಕೊಂಡಾಗ ಮಾತ್ರ ರಾತ್ರಿ ಟಾರ್ಚ್ ಹಿಡಿದು, ಇಂಬಳದಿಂದ ಕಚ್ಚಿಸಿಕೊಂಡು ಹೋಗಲೇಬೇಕು. ಜನವರಿ ಹೊತ್ತಿಗೆ ಹಳ್ಳ ಸೊರಗುತ್ತದೆ. ಆಗ ಸೋಲಾರ್ ಪಾಳಿ.

ಈಗ ವರ್ಷಕ್ಕೆ 600 ಲೀಟರಿಗೂ ಜಾಸ್ತಿ ಡೀಸೆಲ್ ಉಳಿಯುತ್ತಿದೆ. ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಅಲ್ಲಿಗೆ ವರ್ಷಕ್ಕೆ ಒಂದೂವರೆ ಟನ್. ಹಾಗಂತ ಎಲ್ಲ ಲಾಭವೇ ಅಂತ ಸುಮ್ನೆ ಹೇಳಲಾರೆ. ಐದನೇ ವರ್ಷ ನಾಲ್ಕೂ ಬ್ಯಾಟರಿ ಬದಲಿಸಲು 60,000 ರೂಪಾಯಿ ಹತ್ತಿರ ಹೋಯಿತು. ಹಳೆಯವು ಸೀಸ, ಆಸಿಡ್ ತುಂಬಿದವು. ತೋಟದ ಮೂಲೆಗೆ ಎಸೆಯಬೇಡಿ, ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಸಿಡಿಲಿಗೆ ಇನ್ವರ್ಟರ್ ಬೋರ್ಡ್ ಸುಟ್ಟಿತು. ರಿಪೇರಿಯವರು ಬಂದದ್ದು 12 ದಿನದ ಮೇಲೆ. ಅರ್ಥಿಂಗ್ ಮೊದಲೇ ಸರಿ ಮಾಡಿಸಿಕೊಳ್ಳಿ.

ರೋಬಸ್ಟಾ ಕಾಫಿ ಗಿಡ ಹೂ ಬಿಡಲೆಂದು ನೀರು ಕೊಡುವ ಡೀಸೆಲ್ ಎಂಜಿನ್ ಮಾತ್ರ ಶೆಡ್ಡಿನಲ್ಲೇ ಇದೆ. ಸ್ಪ್ರಿಂಕ್ಲರ್‌ಗೆ ಬೇಕಾದ ಪ್ರೆಶರ್ ನಮ್ಮ ಸೋಲಾರ್, ಟರ್ಬೈನ್ ಎರಡರಿಂದಲೂ ಆಗದು. ಮಾರಿಬಿಡಿ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಅವರ ತೋಟಕ್ಕೆ ಕಂಬ ಬಂದಿದೆ.