8 ಜಿಬಿ ಲ್ಯಾಪ್‌ಟಾಪಿನಲ್ಲಿ ಇಂಟೆಲಿಜೆ ಐಡಿಯಾ ಮತ್ತು ವಿಎಸ್ ಕೋಡ್

ಶಿರಸಿ ಸಮೀಪದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ನಾನು ಎರಡು ವರ್ಷಗಳಿಂದ ಇಂಟೆಲಿಜೆ ಐಡಿಯಾ ಎಂಬ ಪೂರ್ಣಪ್ರಮಾಣದ ಐಡಿಇಯನ್ನೂ (ಕೋಡ್ ಬರೆಯಲು, ಓಡಿಸಲು, ತಪ್ಪು ಹುಡುಕಲು ಬೇಕಾದ್ದೆಲ್ಲ ಒಂದೆಡೆ ಇರುವ ತಂತ್ರಾಂಶ) ವಿಎಸ್ ಕೋಡ್ ಎಂಬ ಹಗುರ ಎಡಿಟರನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಬಳಸುತ್ತಿದ್ದೇನೆ. ಅಡಿಕೆ ವ್ಯಾಪಾರಿಯೊಬ್ಬರಿಗಾಗಿ ಜಾವಾದಲ್ಲಿ ಬರೆಯುತ್ತಿರುವ ಖರೀದಿ ಲೆಕ್ಕದ ತಂತ್ರಾಂಶ ನನ್ನ ಮುಖ್ಯ ಕೆಲಸ. ಉಳಿದವು ನೂರಿನ್ನೂರು ಸಾಲಿನ ಪೈಥಾನ್ ಸ್ಕ್ರಿಪ್ಟುಗಳು.

ಇವೆರಡರ ನಿಜವಾದ ವ್ಯತ್ಯಾಸ ನನಗೆ ತಿಳಿದದ್ದು ನನ್ನದೇ ಅವಸರದಿಂದ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಚಾಲಿ ಎಲ್ಲದರ ದರಕ್ಕೂ ಕೋಡಿನಲ್ಲಿ ‘ರೇಟ್’ ಎಂದೇ ಹೆಸರಿಟ್ಟಿದ್ದ ನಾನು, ಚಾಲಿಯದನ್ನು ಮಾತ್ರ ‘ಚಾಲಿರೇಟ್’ ಮಾಡಲು ಹೊರಟು, ಎಡಿಟರಿನಲ್ಲಿ ಹುಡುಕಿ ಬದಲಿಸುವ ಆಜ್ಞೆಯನ್ನು ಎಲ್ಲ ಕಡತಗಳ ಮೇಲೂ ಓಡಿಸಿಬಿಟ್ಟೆ. ‘ಜನರೇಟ್’ ಎಂದಿದ್ದದ್ದು ‘ಜನಚಾಲಿರೇಟ್’ ಆಯಿತು, ‘ಸೆಪರೇಟ್’ ಎಂದಿದ್ದದ್ದು ‘ಸೆಪಚಾಲಿರೇಟ್’ ಆಯಿತು. ಪೂರ್ಣ ಪದವನ್ನಷ್ಟೇ ಹುಡುಕು ಎಂದು ಹೇಳಿದ್ದರೂ ಬೆಟ್ಟೆಯ ರೇಟ್ ಉಳಿಯುತ್ತಿರಲಿಲ್ಲ, ಏಕೆಂದರೆ ಆ ಆಜ್ಞೆಗೆ ಕಾಣುವುದು ಅಕ್ಷರಗಳು ಮಾತ್ರ. ಇಂಟೆಲಿಜೆಯಲ್ಲಿ ಹೆಸರಿನ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಎಫ್6 ಒತ್ತಿದಾಗ, ಯಾವ ರೇಟ್ ಯಾವ ಕ್ಲಾಸಿಗೆ ಸೇರಿದ್ದು ಎಂಬುದನ್ನು ಅದು ಮೊದಲೇ ಇಂಡೆಕ್ಸ್ ಮಾಡಿ, ಅಂದರೆ ಪಟ್ಟಿ ಮಾಡಿ, ಇಟ್ಟುಕೊಂಡಿರುವುದರಿಂದ, ಸಂಬಂಧಪಟ್ಟ ಜಾಗಗಳಷ್ಟೇ ಬದಲಾದವು. ಅದು ಕಬಳಿಸುವ ಮೆಮೊರಿ ಹೋಗುವುದು ಈ ತಿಳಿವಳಿಕೆಗೇ.

ವಿಎಸ್ ಕೋಡ್‌ನಲ್ಲಿ ಇದು ಸಾಧ್ಯವಿಲ್ಲವೆಂದಲ್ಲ. ಎಡಿಟರಿಗೂ ಭಾಷೆಯನ್ನು ಅರಿತ ಸರ್ವರ್ ತಂತ್ರಾಂಶಕ್ಕೂ ಮಾತುಕತೆ ಏರ್ಪಡಿಸುವ, 2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್‌ನಿಂದಾಗಿ, ಭಾಷೆಗೆ ತಕ್ಕ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಎಫ್2 ಕೀಲಿಯೂ ಅರ್ಥವರಿತೇ ಹೆಸರು ಬದಲಿಸುತ್ತದೆ. ಆದರೆ ಜಾವಾ ಎಕ್ಸ್‌ಟೆನ್ಷನ್ ಹಾಕಿದೊಡನೆ ತೆರೆಯ ಹಿಂದೆ ಎಕ್ಲಿಪ್ಸ್ ಎಂಬ ಇನ್ನೊಂದು ಐಡಿಇಯನ್ನು ಆಧರಿಸಿದ ಸರ್ವರೊಂದು ಪ್ರತ್ಯೇಕ ಜಾವಾ ಪ್ರಕ್ರಿಯೆಯಾಗಿ ಓಡತೊಡಗುತ್ತದೆ. 1 ಜಿಬಿ ರ್‍ಯಾಮ್ ಸಾಕೆಂದು ದಾಖಲೆಯಲ್ಲಿ ಹೇಳಿಕೊಳ್ಳುವ ಎಡಿಟರಿನ ಹಗುರತನ ಅಲ್ಲಿಗೆ ಮುಗಿಯಿತು. ಅಷ್ಟಕ್ಕೂ ವೆಬ್ ತಂತ್ರಜ್ಞಾನದಿಂದ ತಂತ್ರಾಂಶ ಕಟ್ಟುವ ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ ಈ ಎಡಿಟರ್ ತನ್ನ ಹೊಟ್ಟೆಯಲ್ಲಿ ಒಂದು ಇಡೀ ಬ್ರೌಸರನ್ನೇ ಹೊತ್ತುಕೊಂಡಿದೆ. ಹಾಗಾಗಿ ಹತ್ತಾರು ಎಕ್ಸ್‌ಟೆನ್ಷನ್ ತುಂಬಿ ಅದನ್ನೇ ಐಡಿಇ ಮಾಡಹೊರಡುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ಕಡೆಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಮರುದಿನವೇ ಬಂದೀತು. ಇನ್ವರ್ಟರ್ ದೀಪಕ್ಕಷ್ಟೇ ಮೀಸಲು. ಆಗ ಬ್ಯಾಟರಿಯಲ್ಲಿ ಐಡಿಇ ತೆರೆದು ಇಡೀ ಪ್ರಾಜೆಕ್ಟನ್ನು ಇಂಡೆಕ್ಸ್ ಮಾಡಿಸುತ್ತ ಕೂರುವುದು ದುಬಾರಿ. ಇಂಟೆಲಿಜೆಯಲ್ಲಿ ಪವರ್ ಸೇವ್ ಮೋಡ್ ಇದೆ, ನಿಜ. ಆದರೆ ಅದನ್ನು ಹಾಕಿದರೆ ಹಿನ್ನೆಲೆಯ ಕೋಡ್ ಪರಿಶೀಲನೆಯೇ ನಿಂತು ಐಡಿಇಯು ಬಹುಮಟ್ಟಿಗೆ ಎಡಿಟರಿನಂತಾಗುತ್ತದೆ. ಬೆಲೆಯ ವಿಷಯಕ್ಕೆ ಬಂದರೆ ವಿಎಸ್ ಕೋಡ್ ಉಚಿತ; ಇಂಟೆಲಿಜೆಯ ಮೂಲ ಸೌಲಭ್ಯಗಳೂ ಉಚಿತ, ಜಾವಾ ಚೌಕಟ್ಟಾದ ಸ್ಪ್ರಿಂಗ್‌ನಂಥವಕ್ಕೆ ಬೇಕಾದ ಪೂರ್ಣ ಬೆಂಬಲಕ್ಕೆ ಮಾತ್ರ ಚಂದಾ ಕಟ್ಟಬೇಕು.

ಜಾವಾ ತಂತ್ರಾಂಶಕ್ಕೆ ನಾನು ಇಂಟೆಲಿಜೆಯನ್ನೇ ಉಳಿಸಿಕೊಂಡಿದ್ದೇನೆ. ಪೈಥಾನ್ ಸ್ಕ್ರಿಪ್ಟು, ಸಂರಚನೆಯ ಕಡತ, ಯಾರೋ ಕಳಿಸಿದ ಕೋಡನ್ನು ಒಮ್ಮೆ ಕಣ್ಣಾಡಿಸುವ ಕೆಲಸ, ಇವಕ್ಕೆಲ್ಲ ಒಂದೇ ಎಕ್ಸ್‌ಟೆನ್ಷನ್ ಇರುವ ವಿಎಸ್ ಕೋಡ್ ಸಾಕು. ಎರಡನ್ನೂ ಬ್ರೌಸರಿನೊಂದಿಗೆ ಒಟ್ಟಿಗೆ ತೆರೆದಾಗ ಈ ಲ್ಯಾಪ್‌ಟಾಪ್ ತಡವರಿಸುತ್ತದೆಯಾದ್ದರಿಂದ, ಆಷಾಢ ಕಳೆದ ಮೇಲೆ ಹುಬ್ಬಳ್ಳಿಗೆ ಹೋಗಿ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿಕೊಂಡು ಬರಬೇಕೆಂದಿದ್ದೇನೆ.